ಎರಡು ಪಂಚಾಂಗ

ಮದುವೆಗೆ ಮುಹೂರ್ತ ನೋಡಲು ಬಂದ ಶಾಸ್ತ್ರಿಗಳು ಎರಡು ಪಂಚಾಂಗ ಬಿಚ್ಚಿದರು. ಒಂದು ಬುಧವಾರ ಎಂದಿತು, ಇನ್ನೊಂದು ಗುರುವಾರ. ಹುಡುಗಿಯ ಅಪ್ಪ, ಅಮ್ಮ ಇಬ್ಬರೂ ಖಗೋಳ ವಿಜ್ಞಾನಿಗಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ಇರೋದು ಒಂದೇ ಆಕಾಶ. ಅದಕ್ಕೂ ಎರಡು ಲೆಕ್ಕವೇ ಶಾಸ್ತ್ರಿಗಳೇ?" ಎಂದರು ಅಪ್ಪ.

"ಮೊದಲು ನಿಮ್ಮನಿಮ್ಮಲ್ಲೇ ಒಂದು ತೀರ್ಮಾನಕ್ಕೆ ಬನ್ನಿ. ಅಲ್ಲೀವರೆಗೆ ಮದುವೆ ಮಾತೇ ಬೇಡ," ಎಂದರು ಅಮ್ಮ.

ಹುಡುಗಿ ಎರಡೂ ಪಂಚಾಂಗಗಳತ್ತ ಬಗ್ಗಿ ನೋಡಿದಳು. ಪಂಚಾಂಗಗಳು ಒಪ್ಪುವುದು ಯಾವಾಗ, ತನ್ನ ಕೊರಳಿಗೆ ತಾಳಿ ಬೀಳುವುದು ಯಾವಾಗ?

ಶಾಸ್ತ್ರಿಗಳು ಬೇಸರಿಸಲಿಲ್ಲ. ಭಗವಂತನನ್ನು ನೆನೆದು ಮೆಲ್ಲಗೆ ಕೇಳಿದರು. "ಆಗಲಿ, ನೀವು ತಿಳಿದವರು. ಈ ವಿಶ್ವ ಹಿಗ್ತಾ ಇದೆ ಅಂತೀರಲ್ಲ, ಎಷ್ಟು ವೇಗದಲ್ಲಿ?"

"ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಅರವತ್ತೇಳು ಕಿಲೋಮೀಟರ್," ಎಂದರು ಅಪ್ಪ.

"ಎಪ್ಪತ್ತಮೂರು," ಎಂದರು ಅಮ್ಮ, ತಕ್ಷಣವೇ.

"ನಿನ್ನ ನಕ್ಷತ್ರಗಳ ಲೆಕ್ಕವೇ ತಪ್ಪು ಕಣೇ."

"ವಿಶ್ವ ಹುಟ್ಟಿದ ಕಾಲದ ನಿಮ್ಮ ಹಳೇ ಬೆಳಕಿನ ಲೆಕ್ಕ ಭಾರೀ ಸರಿ ಬಿಡಿ."

ಈ ವೇಗದ ಬಗ್ಗೆ ಇಬ್ಬರಿಗೂ ಕಾಲೇಜಿನಲ್ಲಿ ಹತ್ತಿಕೊಂಡಿದ್ದ, ವಿಜ್ಞಾನಿಗಳಲ್ಲೇ ಇನ್ನೂ ತೀರದ ಜಗಳ ಮತ್ತೆ ಉರಿಯತೊಡಗಿತು.

ಹುಡುಗಿ ಶಾಸ್ತ್ರಿಗಳ ಪಕ್ಕಕ್ಕೆ ಸರಿದು ಕೂತಳು. "ಗುರುವಾರವೇ ಬರೆದುಬಿಡಿ. ಲೆಕ್ಕ ಒಂದಾಗಲಿ ಅಂತ ಇವರಿಬ್ಬರೂ ಕಾದು ಕೂತಿದ್ದರೆ ನಾನು ಹುಟ್ತಾನೇ ಇರಲಿಲ್ಲ."