ಹತ್ತಕ್ಕೆ ಹತ್ತು

ರಾಜ್ಯ ತಂಡದಲ್ಲಿ ಉಳಿದಿದ್ದದ್ದು ಒಂದೇ ಸ್ಥಾನ. ಅದಕ್ಕೆ ಇಬ್ಬರು ಅಕ್ಕಪಕ್ಕದಲ್ಲಿ ಮಲಗಿ, ತಂತಮ್ಮ ಗುರಿಹಾಳೆಗೆ ಹತ್ತು ಗುಂಡು ಹೊಡೆಯಬೇಕಿತ್ತು.

ಪಕ್ಕದವಳ ಬಂದೂಕು ನೋಡಿದ್ದೇ ಚಂದ್ರಹಾಸ ಮೂಗು ಮುರಿದ. ಅದು ಕ್ಲಬ್ಬಿನ ಹಳೇ ರೈಫಲ್. ಕೆನ್ನೆ ಆನಿಸುವ ಕಡೆ ಆ ನಿವೃತ್ತ ವ್ಯಾಯಾಮ ಶಿಕ್ಷಕಿ ಹರಕು ಟವೆಲ್ ಮಡಿಸಿಟ್ಟು ಟೇಪು ಸುತ್ತಿದ್ದಳು. ಅವನದೋ ಆರು ತಿಂಗಳು ಕಾದು ಮಾಡಿಸಿಕೊಂಡದ್ದು: ಅವನ ಕೆನ್ನೆಯ ಅಳತೆಗೇ ಕೆತ್ತಿಸಿದ ಮರದ ಹಿಡಿ, ಬೆರಳು ಸೋಕಿದರೆ ಸಾಕೆನ್ನುವಷ್ಟು ಹಗುರ ಮಾಡಿಸಿದ ಟ್ರಿಗರ್, ನಳಿಗೆಯ ಮೇಲೆ ಕೂರಿಸಿದ ಹೊರದೇಶದ ದುರ್ಬೀನು.

“ಇದು ರೈಫಲ್ಲೋ, ಒಲೆ ಊದೋ ಕೊಳವೆಯೋ, ಮೇಡಂ?”

“ಕೈಗೆ ಒಗ್ಗಿದೆ, ಸಾರ್.”

“ಇಂಥಾದ್ದನ್ನೆಲ್ಲ ಒಳಗೆ ಬಿಟ್ರೆ ಈ ಆಟದ ಮರ್ಯಾದೆ ಏನಾಗ್ಬೇಕು?”

ಆಕೆ ಚಾಪೆಯ ಮೇಲೆ ಮಲಗಿ ಉಸಿರು ಹದಮಾಡಿಕೊಳ್ಳತೊಡಗಿದಳು.

ಸೀಟಿ ಊದಿದ್ದೇ ತಡ, ಚಂದ್ರಹಾಸ ಶುರುಮಾಡಿದ. ದುರ್ಬೀನಿನ ತುಂಬ ಕರಿ ವೃತ್ತವೊಂದೇ ದೊಡ್ಡದಾಗಿ ಕಾಣುತ್ತಿತ್ತು, ಆಚೀಚಿನದೇನೂ ಕಾಣುತ್ತಿರಲಿಲ್ಲ. ಹತ್ತು ಗುಂಡು, ಹತ್ತೂ ನಟ್ಟನಡುವೆ! ಅವನು ಎದ್ದು ನಿಂತು, ಇನ್ನೂ ಟವೆಲ್ಲು ಸರಿಮಾಡಿಕೊಳ್ಳುತ್ತಿದ್ದ ಆಕೆಯತ್ತ ತಿರುಗಿದ.

“ಯಾಕೆ ಸುಮ್ನೆ ಗುಂಡು ದಂಡ ಮಾಡ್ತೀರಿ? ಮುಗೀತು, ಮನೆಗೆ ಹೋಗಿ.”

ಆಕೆ ಬೈನಾಕ್ಯುಲರಿನಲ್ಲಿ ತನ್ನ ಗುರಿಹಾಳೆಯನ್ನೊಮ್ಮೆ ನೋಡಿ, ತೀರ್ಪುಗಾರರತ್ತ ಕೈ ಎತ್ತಿದಳು.

“ಸಾರ್, ನಾನಿನ್ನೂ ಒಂದು ಗುಂಡೂ ಹೊಡೆದಿಲ್ಲ. ನನ್ನ ಹಾಳೆ ನಡುವೆ ಯಾರೋ ಆಗ್ಲೇ ಹತ್ತು ತೂತು ಮಾಡಿದ್ದಾರೆ.”