ನೀರಲ್ಲೂ ಆರದ ಬತ್ತಿ

ಗೇರುಬೀಜ ಸುಡುವ ವಾಸನೆ ಬಂದರೆ ಇವತ್ತಿಗೂ ಬೆಳಂಬಾರದ ಕಡಲದಂಡೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಗೇರುಸಿಪ್ಪೆಯ ಎಣ್ಣೆಗೆ ಏನನ್ನೋ ಬೆರೆಸಿ ಅಪ್ಪ ನೀರಿನಲ್ಲೂ ಆರದ ಬತ್ತಿ ಮಾಡಿದ್ದ. ಮೀನಿಗೆಂದು ಆ ಬತ್ತಿ ಹಾಕಿದ ಮೊದಲ ಸಿಡಿಮದ್ದನ್ನು ನೀರಲ್ಲಿ ಸಿಡಿಸಿದಾಗ ಬೆರಳುದ್ದದ ಮರಿಗಳೂ ಹೊಟ್ಟೆ ಮೇಲಾಗಿ ತೇಲಿದವು. ಲಂಗದ ತುಂಬ ಬಾಚಿಕೊಂಡ ನಾನು, "ನಂಗೂ ಸಿಡ್ಸೋಕೆ ಕಲ್ಸು ಅಪ್ಪಾ" ಎಂದೆ. ಅಪ್ಪ ಮರಿಗಳನ್ನು ನೋಡಿದ, ನನ್ನ ಬೆರಳುಗಳನ್ನು ನೋಡಿದ. ಉಳಿದ ಎಣ್ಣೆಯನ್ನು ಮರಳಿಗೆ ಸುರಿದುಬಿಟ್ಟ.

ಮರುದಿನ ಬತ್ತಿಯ ಸುದ್ದಿ ಕೇಳಿ ಕಾರವಾರದ ಸಾಹುಕಾರರೊಬ್ಬರು ಬಂದು, "ಹ್ಯಾಂಗೆ ಮಾಡ್ದೆ ಹೇಳು, ಗೋವೆವರೆಗೂ ನಿನ್ನ ಹೆಸರಾಗ್ತದೆ" ಎಂದರು.

"ಮರ್ತೋಯ್ತು ಒಡೆಯಾ" ಎಂದ ಅಪ್ಪ, ನನ್ನ ತಲೆ ಸವರುತ್ತ.

ಅಪ್ಪ ನನ್ನೆದುರು ಹೇಳಿದ ಒಂದೇ ಸುಳ್ಳು ಅದು. ಬೆರೆಸುವಾಗ ಪಕ್ಕದಲ್ಲೇ ಕೂತಿದ್ದ ನನಗೂ ಎಲ್ಲ ಗೊತ್ತಿತ್ತು. ಆ ಬತ್ತಿ ಮಾಡುವುದು ಹೇಗೆಂದು ನನ್ನ ಮಕ್ಕಳು ಕೇಳಿದಾಗ, ಅಪ್ಪನನ್ನು ನೆನೆದು, ಅದೇ ಸುಳ್ಳನ್ನು ನಾನೂ ಹೇಳಿದೆ.