ಕೋಣೆಯ ಮೌನ

"ಅರ್ಧ ನಿಮಿಷ ಯಾರೂ ಕೆಮ್ಮೋ ಹಾಗಿಲ್ಲ," ಎಂದ ಧ್ವನಿಮುದ್ರಣದ ಕೆನ್. ಸಂದರ್ಶನ ಮುಗಿದ ಮೇಲೆ ಕೋಣೆಯ ಬರಿಯ ಮೌನವನ್ನೂ ಹಿಡಿದಿಟ್ಟುಕೊಳ್ಳುವುದು ಟೆಲಿವಿಷನ್‌ನವರ ರೂಢಿ.

ನಿರ್ಮಾಪಕಿ ಫಿಲಿಪಾ, ಸಂದರ್ಶನ ಕೊಟ್ಟ ವೃದ್ಧೆ ಓಲ್ವೆನ್‌ರ ಕೈ ಹಿಡಿದು ಕೂತಳು. ರೊಂಡಾ ಕಣಿವೆಯ ಕಲ್ಲಿದ್ದಲ ಗಣಿದೂಳು ಎದೆಯಲ್ಲಿ ತುಂಬಿ, ಏದುತ್ತಲೇ ಸತ್ತ ಗಂಡ ಇಡ್ರಿಸ್‌ಗೆ ಈಗಲಾದರೂ ನೆಮ್ಮದಿ ಸಿಕ್ಕಿದೆಯೋ ಇಲ್ಲವೋ ಎಂದು ಆಕೆ ಆಗತಾನೇ ಅತ್ತಿದ್ದರು. ಇಡ್ರಿಸ್ ಕೂರುತ್ತಿದ್ದ ಕುರ್ಚಿ ಎದುರಿಗೇ ಖಾಲಿ ಇತ್ತು.

ಹೆಡ್‌ಫೋನ್‌ನಲ್ಲಿ ಕೇಳುತ್ತಿದ್ದ ಕೆನ್ ಬಿಳಿಚಿಕೊಂಡ. "ಫಿಲಿಪಾ, ಆ ಖಾಲಿ ಕುರ್ಚಿ ಕಡೆಯಿಂದ ಯಾರೋ ಉಸಿರಾಡ್ತಿದ್ದಾರೆ."

"ತಮಾಷೆಗೂ ಒಂದು ಮಿತಿ ಇರ್ಲಿ!" ಎಂದು ಗದರಿ ಹೆಡ್‌ಫೋನ್ ಕಸಿದುಕೊಂಡ ಫಿಲಿಪಾ, ತಾನೂ ಕಿವಿಗೊಟ್ಟು ಕೇಳಿದಳು. ಆಮೇಲೆ ಅದನ್ನು ಮೆಲ್ಲನೆ ಓಲ್ವೆನ್‌ರ ಕಿವಿಗೆ ತೊಡಿಸಿದಳು.

"ಮೂಗಿನ ಸಿಳ್ಳೆ ಅವರದೇ," ಎಂದರು ಓಲ್ವೆನ್, ಕುರ್ಚಿಯತ್ತ ನೋಡುತ್ತ. "ಎದೇಲಿ ಗೊರಗೊರ ಮಾತ್ರ ಇಲ್ಲವೇ ಇಲ್ಲ, ಮಗಳೇ."